ಟ್ರೆಂಟ್ ಹೊಳೆಗೆ ಕೊಬ್ಬರಿ ಎಣ್ಣೆ

ಅಕ್ಕನ ಅಡುಗೆಮನೆ

ಇಂಗ್ಲೆಂಡಿಗೆ ಹೋಗಿ ಬಂದವರನ್ನು ಧಾರವಾಡದ ಹತ್ತಿರದ ನಮ್ಮ ಗರಗದಲ್ಲಿ ಮೊದಲು ಕೇಳುವುದು ಅರಮನೆ ನೋಡಿದಿರಾ ಎಂದು. ನಾನು ನೋಡಲಿಲ್ಲ. ಲಂಡನ್ನಿನಲ್ಲಿ ವಿಮಾನ ಇಳಿದವಳು ಅಕ್ಕನ ಕೈ ಹಿಡಿದು ಬಸ್ಸು ಹತ್ತಿದೆ, ಸೀಟಿಗೆ ಒರಗಿ ನಿದ್ದೆ ಹೋದೆ, ಕಣ್ಣು ಬಿಟ್ಟಾಗ ನಾಟಿಂಗ್‌ಹ್ಯಾಮ್ ಬಂದಿತ್ತು. ಅಲ್ಲಿಂದಾಚೆ ನಾನು ಮನಸ್ಸಿಟ್ಟು ನೋಡಿದ್ದು ಒಂದು ಹೊಳೆ, ಒಂದು ಶೆಡ್ಡು ಮತ್ತು ಅಂಗೈಯಗಲದ ಒಂದು ಗಾಲಿ. ಆ ಗಾಲಿಯ ಸಂಗತಿಯನ್ನೇ ಇಲ್ಲಿ ಹೇಳುತ್ತೇನೆ. ಅರಮನೆ ಬೇಕಾದವರಿಗೆ ಬೇರೆಯವರು ಬರೆದದ್ದು ಬೇಕಾದಷ್ಟಿದೆ.

ನಾನು ಗರಗದಲ್ಲಿ ಹೆಂಗಸರಿಗೆ ನೂಲುವುದನ್ನು ಕಲಿಸುವವಳು. ಬೆಳಗಿನಿಂದ ಸಂಜೆಯವರೆಗೆ ಚರಕದ ಕದಿರು ನೋಡಿ ನೋಡಿ ನನಗೊಂದು ಚಟ ಅಂಟಿಕೊಂಡಿದೆ. ತಿರುಗುವ ವಸ್ತು ಯಾವುದೇ ಇರಲಿ, ನನ್ನ ಕಣ್ಣು ಮೊದಲು ಹೋಗುವುದು ಅದರ ನಡುವಿನ ಕಡ್ಡಿಗೆ. ಮದುವೆ ಮನೆಯಲ್ಲಿ ಎಲ್ಲರೂ ಮದುಮಗಳ ಸೀರೆ ನೋಡುತ್ತಿದ್ದರೆ ನಾನು ಮೇಲೆ ಕಿರುಗುಟ್ಟುವ ಫ್ಯಾನಿಗೆ ಯಾರೂ ಎಣ್ಣೆ ಬಿಟ್ಟಿಲ್ಲವಲ್ಲ ಎಂದು ಒದ್ದಾಡುತ್ತಿರುತ್ತೇನೆ.

ಮೊದಲ ಬೆಳಗ್ಗೆ ಬೇಗ ಎಚ್ಚರಾಯಿತು. ಅಡುಗೆಮನೆಗೆ ಬಂದರೆ ಮಾಮಾ ಆಗಲೇ ಎದ್ದು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಮೇಜಿನ ಮುಂದೆ ಕೂತಿದ್ದರು. ಅಕ್ಕನ ಗಂಡನನ್ನು ನಾವು ಮಾಮಾ ಎಂದೇ ಕರೆಯುವುದು. ಅವರ ಎದುರು ಚಹದ ಬಸಿಯಷ್ಟು ದೊಡ್ಡದಾದ ಒಂದು ಲೋಹದ ಗಾಲಿ ಇತ್ತು. ಮೈತುಂಬ ತೂತು, ಅಂಚಿಗೆ ಎರಡು ಹಿಡಿಕೆ. ಎಡಗೈ ಬೆರಳಿನಿಂದ ಮಾಮಾ ಅದನ್ನು ಒಮ್ಮೆ ತಟ್ಟಿದರು. ಅದು ತಿರುಗಿತು. ತಿರುಗುತ್ತಲೇ ಇತ್ತು. ಸಪ್ಪಳವೆಂಬುದೇ ಇಲ್ಲ. ನಾನು ಒಲೆಯ ಮೇಲೆ ಹಾಲಿಟ್ಟು ಉಕ್ಕುವುದನ್ನು ಕಾದು ಇಳಿಸಿದರೂ ಅದು ತಿರುಗುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಹಗುರಾಗಿ ತಿರುಗುವ ಕದಿರನ್ನು ನಾನು ಕಂಡಿರಲಿಲ್ಲ.

“ಏನ್ರಿ ಮಾಮಾ ಇದು?”

“ಮೀನ ಹಿಡಿಯೂ ರೀಲವಾ ಶಕ್ಕು. ಸೆಂಟರ್‌ಪಿನ್ ಅಂತಾರ. ಗಿಯರ್ ಇಲ್ಲ, ಸ್ಪ್ರಿಂಗ್ ಇಲ್ಲ. ನಡಕ ಒಂದು ಪಿನ್ನು, ಅದರ ಮ್ಯಾಲ ಈ ಗಾಲಿ. ಅಷ್ಟ.”

ಅಷ್ಟೇ ಎಂದವರು ಅದರ ವರ್ಣನೆಗೆ ಕೂತರೆ ಚಹ ಆರುವವರೆಗೂ ಬಿಡಲಿಲ್ಲ. ಗಾಲಿಗೆ ದಾರ ಸುತ್ತಿರುತ್ತದೆ. ದಾರದ ತುದಿಗೆ ಗಾಳ, ಅದರ ಮೇಲೊಂದು ತೇಲುವ ಬೆಂಡು. ಬೆಂಡನ್ನು ಹರಿಯುವ ನೀರಿಗೆ ಬಿಟ್ಟರೆ ಹೊಳೆಯೇ ಅದನ್ನು ಎಳೆದುಕೊಂಡು ಹೋಗುತ್ತದೆ, ಅದರ ಎಳೆತಕ್ಕೆ ಗಾಲಿ ತಿರುಗಿ ದಾರ ಬಿಡುತ್ತದೆ. ಗಾಲಿಯ ಅಂಚಿನ ಮೇಲೆ ಹೆಬ್ಬೆರಳನ್ನು ಮುಟ್ಟಿಯೂ ಮುಟ್ಟದ ಹಾಗೆ ಇಟ್ಟಿರಬೇಕು. ಬ್ರೇಕು ಎಂದರೆ ಅದೊಂದೇ. ಬಿಗಿ ಹಿಡಿದರೆ ಬೆಂಡು ತಡವರಿಸುತ್ತದೆ, ಮೀನಿಗೆ ಸಂಶಯ ಬರುತ್ತದೆ. ಸಡಿಲ ಬಿಟ್ಟರೆ ಗಾಲಿ ಹೊಳೆಗಿಂತ ಮುಂದೆ ಓಡಿ ದಾರವೆಲ್ಲ ಗಂಟು. ಕೇಳುತ್ತ ಕೇಳುತ್ತ ನನ್ನ ಬೆರಳುಗಳು ತಾವಾಗಿ ಹತ್ತಿಯ ಹಂಜಿ ಹಿಡಿದಂತೆ ಮಡಚಿಕೊಂಡವು. ನೂಲು ಎಳೆಯುವಾಗಲೂ ನಾವು ಮಾಡುವುದು ಇದನ್ನೇ ಅಲ್ಲವೇ?

“ಪೂಜಿ ಮುಗಿಸಿ ಮೀನ ಹಿಡಿಯಾಕ ಹೋಗೂ ಲಿಂಗವಂತರು ಜಗತ್ತಿನಾಗ ನಿಮ್ಮ ಮಾಮಾ ಒಬ್ರ,” ಎಂದಳು ಅಕ್ಕ, ರೊಟ್ಟಿಯ ಹಂಚು ಇಡುತ್ತ.

“ಹಿಡದದ್ದು ತಿನ್ನೂದಿಲ್ಲ. ಹೊಳ್ಳಿ ನೀರಿಗೆ ಬಿಡ್ತೇನಿ.”

“ಬಿಡೂದಿದ್ರ ಹಿಡಿಯೂದ್ಯಾಕ್ರಿ?” ಎಂದು ಕೇಳಿದೆ.

ಮಾಮಾ ಗಾಲಿಯನ್ನು ಇನ್ನೊಮ್ಮೆ ತಟ್ಟಿದರು. ಆ ದೇಶದಲ್ಲಿ ಹೊಳೆಯ ದಂಡೆಗೆ ಕೂರುವ ಬಹುತೇಕರು ಹೀಗೆಯೇ ಅಂತೆ. ದಿನವಿಡೀ ಚಳಿಯಲ್ಲಿ ಕೂತು ಒಂದು ಮೀನು ಹಿಡಿದು, ಅದರ ಮುಖ ನೋಡಿ, ಬಿಟ್ಟು ಮನೆಗೆ ಹೋಗುತ್ತಾರೆ. ನಮ್ಮಲ್ಲಿ ಹೆಣ್ಣು ನೋಡಲು ಹೋಗಿ ಅವಲಕ್ಕಿ ತಿಂದು ಬರುವವರ ನೆನಪಾಯಿತು.

ಮಾಮಾ ಹಿತ್ತಲಿಗೆ ಹೋದ ಮೇಲೆ ಅಕ್ಕ ದನಿ ತಗ್ಗಿಸಿದಳು. ಈ ವರ್ಷದ ಮೊದಲಿಗೆ ಮಾಮಾಗೆ ಲಕ್ವಾ ಹೊಡೆದಿತ್ತು. ಮಾತು ಬಂತು, ನಡಿಗೆ ಬಂತು, ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಹೊಳೆಗೆ ಹೋಗುವುದನ್ನು ಬಿಟ್ಟರು. ಈಗ ದಿನವಿಡೀ ಈ ಮೇಜಿನ ಮುಂದೆ ಗಾಲಿ ತಿರುಗಿಸುತ್ತ ಕೂರುವುದು.

“ಬರೂ ರವಿವಾರ ಅದನ್ನೂ ತಮ್ಮ ಗೆಳ್ಯಾ ಕೆನ್‌ಗ ಕೊಟ್ಟು ಬಿಡ್ತಾರಂತ. ಕೋಲು, ರೀಲು ಎಲ್ಲಾ. ಅದೊಂದು ಹೋತಂದ್ರ ಇವ್ರು ಖುರ್ಚಿ ಬಿಟ್ಟು ಏಳೂದಿಲ್ಲ ಶಕ್ಕು. ನನಗ ಅಂಜಿಕಿ ಬಂದೈತಿ.”

ಅಕ್ಕ ಅಂಜುವವಳಲ್ಲ. ಮದುವೆಯಾಗಿ ಹೊಸದರಲ್ಲಿ ಇಂಗ್ಲಿಷು ಬಾರದೆಯೇ ಈ ಊರಿನ ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡಿದವಳು. ಅವಳ ಬಾಯಲ್ಲಿ ಆ ಮಾತು ಕೇಳಿ ನನಗೂ ಅಂಜಿಕೆ ಹತ್ತಿತು.

ಪೇಟೆ

ಮರುದಿನ ಅಕ್ಕ ಪೇಟೆ ತೋರಿಸಲು ಕರೆದೊಯ್ದಳು. ಇಲ್ಲಿ ಬಸ್ಸಿನಿಂದ ಇಳಿಯುವವರೆಲ್ಲ ಡ್ರೈವರನಿಗೆ ಥ್ಯಾಂಕ್ಯೂ ಹೇಳಿಯೇ ಇಳಿಯುತ್ತಾರೆ. ಹುಬ್ಬಳ್ಳಿ–ಧಾರವಾಡ ಬಸ್ಸಿನಲ್ಲಿ ಹಾಗೆ ಹೇಳುತ್ತ ನಿಂತರೆ ಹಿಂದಿನವರು ನಮ್ಮನ್ನು ಎತ್ತಿಯೇ ಇಳಿಸುತ್ತಾರೆ. ನಾನೂ ಹೇಳಿದೆ. ಡ್ರೈವರ ನಕ್ಕು ನನ್ನನ್ನು “ಡಕ್” ಎಂದ. ಬಾತುಕೋಳಿ! ಕೋಟಿನ ದಪ್ಪಕ್ಕೆ ಹಾಗೆ ಅಂದನೇನೋ ಎಂದು ನನಗೆ ಅನುಮಾನ. ಹುಬ್ಬಳ್ಳಿಯ ದೇಶಪಾಂಡೆ ನಗರದ ಅಂಗಡಿಯಲ್ಲಿ ಕೊಂಡ ಆ ಕೋಟಿನಲ್ಲಿ ನಾನು ನಿಜಕ್ಕೂ ಹಾಗೇ ಕಾಣುತ್ತಿದ್ದೆ. ಈ ಊರಿನಲ್ಲಿ ಅದು ಪ್ರೀತಿಯ ಮಾತು, ಎಲ್ಲರನ್ನೂ ಹಾಗೆ ಕರೆಯುತ್ತಾರೆ ಎಂದು ಅಕ್ಕ ಹೇಳಿದಳು. ನಮ್ಮ ಕಡೆ ಗುರುತಿಲ್ಲದವರನ್ನೂ ಕಾಕಾ, ಅಕ್ಕಾ ಎನ್ನುತ್ತೇವೆ, ಇವರು ಕೋಳಿಯವರೆಗೆ ಹೋಗಿದ್ದಾರೆ.

ಪೇಟೆಯಲ್ಲಿ ಮೀನು ಹಿಡಿಯುವ ಸಾಮಾನಿನದೇ ಒಂದು ಅಂಗಡಿ ಇತ್ತು. ನಾನು ಹಟ ಹಿಡಿದು ಒಳಗೆ ಹೋದೆ, ಅಕ್ಕ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತಳು. ಒಂದು ಕಡೆ ಡಬ್ಬಿಗಳಲ್ಲಿ ಹುಳು ಪಿತಪಿತ ಹರಿಯುತ್ತಿವೆ. ಬಿಳಿಯವು ಬೇರೆ, ಕೆಂಪು ಬಣ್ಣ ಹಾಕಿದವು ಬೇರೆ. ಇನ್ನೊಂದು ಕಡೆ ಗೋಡೆಯ ತುಂಬ ಬೆಂಡುಗಳು, ಬಳೆ ಅಂಗಡಿಯಲ್ಲಿ ಬಳೆ ಜೋಡಿಸಿದ ಹಾಗೆ ಬಣ್ಣಬಣ್ಣ. ಕೆಂಪು ತಲೆಯ ಒಂದು ಬೆಂಡನ್ನು ಮಾಮಾಗೆಂದು ಕೊಂಡೆ. ಹೊಳೆಯನ್ನೇ ಬಿಟ್ಟವರಿಗೆ ಬೆಂಡು ಯಾಕೆ ಎಂದು ಅಕ್ಕ ಕೇಳಲಿಲ್ಲ.

ಮಾಮಾಗೆ ಹುಳು ಬೇಕಾಗುವುದಿಲ್ಲವಂತೆ. ಅವರು ಗಾಳಕ್ಕೆ ಸಿಕ್ಕಿಸುವುದು ಅಕ್ಕ ನಾದಿದ ಚಪಾತಿ ಹಿಟ್ಟು. ಹುಳು ಚುಚ್ಚಲು ಅವರಿಗೆ ಮನಸ್ಸು ಬಾರದು. ಇಂಗ್ಲೆಂಡಿನ ಮೀನುಗಳಿಗೆ ನಮ್ಮ ಚಪಾತಿಯ ರುಚಿ ಹತ್ತಿಸಿದವರು ಅವರೊಬ್ಬರೇ ಇರಬೇಕು.

ಕೆನ್‌ನ ಶೆಡ್ಡು

ಕೆನ್ ಎಂಬವನು ಮಾಮಾನ ಹಳೆಯ ಗೆಳೆಯ. ಇಬ್ಬರೂ ಇಲ್ಲಿನ ಬಸ್ ಡಿಪೋದಲ್ಲಿ ಇದ್ದವರು. ಮಾಮಾ ಆಫೀಸಿನಲ್ಲಿ, ಅವನು ಗ್ಯಾರೇಜಿನಲ್ಲಿ. ಮಾಮಾಗೆ ಹೊಳೆಯ ಹುಚ್ಚು ಹಿಡಿಸಿದವನೂ ಅವನೇ. ಆರಡಿ ಆಳು, ಕಿವಿಯ ಮೇಲೆ ಪೆನ್ಸಿಲ್ಲು, ಮಾತು ಎಷ್ಟು ಕಡಿಮೆಯೆಂದರೆ ಮೊದಲಿಗೆ ಸಿಟ್ಟಾಗಿದ್ದಾನೇನೋ ಅನಿಸುತ್ತದೆ. ಅವನ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಮಾಮಾ ನಮ್ಮ ಮಾತಿಗೆ ಇಳಿಸುತ್ತಿದ್ದರು.

ಈ ಊರಿನ ಗಂಡಸರಿಗೆ ನಿವೃತ್ತಿಯಾದ ಮೇಲೆ ಹಿತ್ತಲಲ್ಲಿ ಒಂದು ಶೆಡ್ಡು ಬೇಕೇ ಬೇಕು. ನಮ್ಮಲ್ಲಿ ಕಟ್ಟೆ ಇದ್ದ ಹಾಗೆ. ಆದರೆ ಕಟ್ಟೆಗೆ ಹತ್ತು ಜನ ಬೇಕು, ಶೆಡ್ಡಿಗೆ ಒಬ್ಬನೇ ಸಾಕು. ಕೆನ್‌ನ ಶೆಡ್ಡಿನಲ್ಲಿ ಚಿಕ್ಕದೊಂದು ಲೇತು, ಗೋಡೆಗೆ ಸಾಲಾಗಿ ತೂಗುಹಾಕಿದ ಹಳೆಯ ರೀಲುಗಳು, ಕೆಲವಂತೂ ಕಟ್ಟಿಗೆಯವು. ಹಿಂದಿನ ಕಾಲದಲ್ಲಿ ಕಟ್ಟಿಗೆಯ ರೀಲು ಮಾಡುವುದಕ್ಕೆ ಈ ಊರು ಹೆಸರಾಗಿತ್ತಂತೆ. ಒಂದನ್ನು ಕೈಗೆ ತೆಗೆದುಕೊಂಡು ನೋಡಿದೆ. ನಮ್ಮ ಬಡಿಗರು ಮಾಡುವ ಚರಕದ ಗಾಲಿಯ ದಾಯಾದಿಯೇ.

ಮಾಮಾ ತಮ್ಮ ರೀಲನ್ನು ಕೋಟಿನ ಜೇಬಿನಲ್ಲಿ ತಂದಿದ್ದರು. ಕೆನ್ ಅದನ್ನು ಕೂಸನ್ನು ಎತ್ತಿಕೊಂಡ ಹಾಗೆ ತೆಗೆದುಕೊಂಡು ನನಗೆ ತೋರಿಸಲು ನಿಂತ. ಮಾಮಾಗೆ ಲಕ್ವಾ ಹೊಡೆದ ಮೇಲೆ ಅವನು ತಿಂಗಳುಗಟ್ಟಲೆ ಇದರ ಮೇಲೆ ಕೆಲಸ ಮಾಡಿದ್ದ. ಮೊದಲು ನಡುವೆ ಬುಷ್ ಎಂಬ ಹಿತ್ತಾಳೆಯ ಬಳೆ ಇತ್ತಂತೆ, ಅದನ್ನು ಕಿತ್ತು ಸಾಸಿವೆಗಿಂತ ತುಸು ದಪ್ಪನೆಯ ಉಕ್ಕಿನ ಗುಂಡುಗಳಿರುವ ಬೇರಿಂಗ್ ಕೂಡಿಸಿದ. ಭಾರ ಇಳಿಸಲು ಗಾಲಿಗೆ ತೂತು ಕೊರೆದ. ಟಿಕ್‌ಟಿಕ್ ಎಂದು ತಡೆಯುವ ಒಂದು ಕೊಕ್ಕೆ ಇತ್ತು, ಅದನ್ನೂ ತೆಗೆದ. ಬೆರಳು ಹಿಡಿಯಲೆಂದು ಹಿಡಿಕೆಗಳನ್ನು ದಪ್ಪ ಮಾಡಿದ. ಬಲ ಕಡಿಮೆಯಾದ ಕೈಗೆ ಏನೂ ಬಲ ಬೇಡದ ರೀಲು ಬೇಕು ಎಂಬುದು ಅವನ ಲೆಕ್ಕ.

ಆಮೇಲೆ ಅದನ್ನು ಮೇಜಿನ ಕಟ್ಟಿಗೆಗೆ ಸಿಕ್ಕಿಸಿ ಬೆರಳಿನಿಂದ ತಟ್ಟಿದ. ನಾವು ಮೂವರೂ ಚಹ ಕುಡಿದೆವು, ಬಿಸ್ಕತ್ತು ತಿಂದೆವು, ಬೆಕ್ಕನ್ನು ಹೊರಗೆ ಹಾಕಿದೆವು. ಗಾಲಿ ಇನ್ನೂ ತಿರುಗುತ್ತಿತ್ತು. ಕೆನ್‌ನ ಕಿವಿಗಳು ಕೆಂಪಾಗಿದ್ದವು. ಹೆಮ್ಮೆಪಟ್ಟಾಗ ಆ ಮನುಷ್ಯನಿಗೆ ಹಾಗಾಗುತ್ತದೆ.

“ಲವ್ಲೀ ಕೆನ್, ಲವ್ಲೀ,” ಎಂದರು ಮಾಮಾ. ಆಮೇಲೆ, ರವಿವಾರ ಹೊಳೆಯ ದಂಡೆಯಲ್ಲಿ ಇದನ್ನು ನಿನಗೇ ಕೊಡುತ್ತೇನೆ, ನನ್ನದು ಸಾಕಾಯಿತು ಎಂದೂ ಹೇಳಿದರು. ಕೆನ್ ಬೆರಳಿಟ್ಟು ಗಾಲಿಯನ್ನು ನಿಲ್ಲಿಸಿದ. ಕಿವಿಗಳು ಬೆಳ್ಳಗಾದವು.

ದಾರಿಯ ಬೆಂಚು

ವಾಪಸ್ಸು ಬರುವಾಗ ಮಾಮಾ ದಾರಿಯ ಬೆಂಚಿನ ಮೇಲೆ ಕೂತರು. ಇಲ್ಲಿ ಸತ್ತವರ ಹೆಸರು ಕೆತ್ತಿದ ಬೆಂಚುಗಳಿರುತ್ತವೆ, ಯಾರೋ ಪುಣ್ಯಾತ್ಮನ ಹೆಸರಿಗೆ ಬೆನ್ನು ಕೊಟ್ಟು ನಾನೂ ಕೂತೆ.

“ಅಷ್ಟ ಛಲೋ ಮಾಡಿ ಕೊಟ್ಟಾನ. ಮತ್ಯಾಕ ಬಿಡ್ತೀರಿ ಮಾಮಾ?”

ಮಾಮಾ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. “ಛಲೋ ಆತು ನೋಡು, ಅದ ತ್ರಾಸಾತು. ನನ್ನ ಹೆಬ್ಬೆರಳಿಗೆ ಸುದ್ದಿ ತಡಾ ಆಗಿ ಮುಟ್ಟತೈತಿ. ನಿಲ್ಲಸು ಅಂತ ನಾ ಅನ್ನೂದರಾಗ ಆ ರೀಲು ಎಲ್ಲೋ ಓಡಿ ಹೋಗಿರತೈತಿ. ಒಮ್ಮೆ ಕೆನ್ ಇಲ್ಲದಾಗ ಹೋಗಿ ನೋಡಿದೆ. ದಾರೆಲ್ಲಾ ಗಂಟು. ಕತ್ತರಸಿ ಒಗದು ಬಂದೆ. ತಿರಗಸೂದು ನನಗ ತ್ರಾಸ ಇರಲಿಲ್ಲ ಶಕ್ಕು. ನಿಲ್ಲಸೂದು ತ್ರಾಸು.”

“ಹಂಗಂತ ಅವಗ ಹೇಳ್ರೆಲ್ಲಾ!”

“ಹೆಂಗ ಹೇಳೂದು? ಅಂವ ಕಣ್ಣಾಗ ಎಣ್ಣಿ ಬಿಟಗೊಂಡು ಮಾಡ್ಯಾನ. ಕೊಟ್ಟಾಗ ಅವನ ಮಾರಿ ನೋಡಬೇಕಿತ್ತು ನೀನು. ಬ್ಯಾಡ. ನೀನೂ ಹೇಳಬ್ಯಾಡ. ನನ್ನ ಮ್ಯಾಲ ಆಣಿ.”

ನನಗೆ ಸಿಟ್ಟು ಬಂತು. ಗೆಳೆಯನ ಮನಸ್ಸು ನೋಯಬಾರದೆಂದು ಹೊಳೆಯನ್ನೇ ಬಿಡುವ ಮನುಷ್ಯ! ಇಷ್ಟು ವರ್ಷ ಇಂಗ್ಲೆಂಡಿನಲ್ಲಿದ್ದರೂ ಮಾಮಾ ನಮ್ಮ ಧಾರವಾಡ ಸೀಮೆಯ ಸಂಕೋಚವನ್ನು ಬಿಟ್ಟುಕೊಟ್ಟಿರಲಿಲ್ಲ. ಬೀಗರ ಮನೆಯ ಸಾರಿಗೆ ಉಪ್ಪಿಲ್ಲದಿದ್ದರೂ ಎರಡು ಸಲ ಹಾಕಿಸಿಕೊಂಡು ಉಣ್ಣುವ ಜಾತಿ. ಆದರೆ ಆಣೆ ಹಾಕಿಬಿಟ್ಟಿದ್ದರು. ಬಾಯಿ ಮುಚ್ಚಿಕೊಂಡೆ.

ಶನಿವಾರ

ನಾವು ನೂಲುವವರಲ್ಲಿ ಒಂದು ರೂಢಿ ಇದೆ. ಚರಕವನ್ನು ಇನ್ನೊಬ್ಬರ ಕೈಗೆ ಕೊಡುವಾಗ ಹೊಲಸಾಗಿ ಕೊಡಬಾರದು. ಧೂಳು ಒರೆಸಿ, ಕದಿರು ತೆಗೆದು, ಹೊಸ ಎಣ್ಣೆ ಬಿಟ್ಟು ಕೊಡಬೇಕು. ಹಾಗೆ ಮಾಡದೆ ಕೊಟ್ಟವಳನ್ನು ಉಳಿದವರು ವಾರಗಟ್ಟಲೆ ಆಡಿಕೊಳ್ಳುತ್ತಾರೆ. ಮರುದಿನ ರೀಲು ಕೆನ್‌ನ ಕೈ ಸೇರುವುದಿತ್ತು. ಮಾಮಾಗಂತೂ ಕೈ ಸಾಗದು. ನಾನೇ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಬಟ್ಟೆ ಹಾಸಿ ಕೂತೆ.

ನಡುವಿನ ತಿರುಪು ಸಡಿಲಿಸಿದರೆ ಗಾಲಿ ಸಲೀಸಾಗಿ ಎದ್ದು ಬಂತು. ಬೇರಿಂಗಿನಲ್ಲಿ ಕೆನ್ ಹಾಕಿದ್ದ ಎಣ್ಣೆ ಇತ್ತು. ನೀರಿನಷ್ಟು ತೆಳ್ಳಗೆ, ಇದೆಯೋ ಇಲ್ಲವೋ ಎಂಬಷ್ಟು. ಪಾಪ, ಮುದುಕ ಜಿಪುಣ, ಎಂದುಕೊಂಡು ಎಲ್ಲವನ್ನೂ ಅರಳೆಯಿಂದ ಒರೆಸಿ ತೆಗೆದೆ. ಅಕ್ಕನ ಮನೆಯಲ್ಲಿ ಮಷಿನ್ ಎಣ್ಣೆ ಇರಲಿಲ್ಲ. ನಾನು ಊರಿನಿಂದ ತಂದ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ ಒಲೆಯ ಪಕ್ಕದಲ್ಲೇ ಇತ್ತು. ಗರಗದಲ್ಲಿ ಮಷಿನ್ ಎಣ್ಣೆ ತೀರಿದ ದಿನ ನಾವು ಬಿಡುವುದೂ ಅದನ್ನೇ. ಧಾರಾಳವಾಗಿ ಬಿಟ್ಟೆ. ಕೊಡುವುದನ್ನು ಕೈಬಿಚ್ಚಿ ಕೊಡಬೇಕಲ್ಲ. ತಿರುಗಿಸಿ ನೋಡಿದೆ, ಬೆಚ್ಚಗಿನ ಆ ಅಡುಗೆಮನೆಯಲ್ಲಿ ಗಾಲಿ ಚೆನ್ನಾಗಿಯೇ ತಿರುಗಿತು. ಒಳ್ಳೆಯ ಕೆಲಸ ಮಾಡಿದ ಸಮಾಧಾನದಿಂದ ಕೈಗೆ ಹತ್ತಿದ ಎಣ್ಣೆಯನ್ನು ತಲೆಗೆ ತಿಕ್ಕಿಕೊಂಡೆ.

ಆ ಬಾಟಲಿಯನ್ನು ಅಕ್ಕ ಒಲೆಯ ಪಕ್ಕದಲ್ಲಿ ಯಾಕೆ ಇಟ್ಟಿದ್ದಳು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೊಳೆಯ ದಂಡೆ

ರವಿವಾರ ಬೆಳಗ್ಗೆ ಟ್ರೆಂಟ್ ಹೊಳೆಯ ಮೇಲೆ ಮಂಜು ಕೂತಿತ್ತು. ಹೊಳೆ ಎಂದರೆ ನನಗೆ ಬೇಸಿಗೆಯಲ್ಲಿ ಮರಳಾಗಿ, ಮಳೆಗಾಲದಲ್ಲಿ ಸಿಟ್ಟಾಗಿ ಇರುವಂಥದ್ದು. ಇದು ತುಂಬಿಯೂ ಸದ್ದಿಲ್ಲದೆ ಹರಿಯುತ್ತಿತ್ತು. ದಂಡೆಗುಂಟ ಅಲ್ಲೊಬ್ಬರು ಇಲ್ಲೊಬ್ಬರು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಹಾದುಹೋಗುವವರು ಹವೆಯ ಬಗ್ಗೆ ಒಂದು ಮಾತು ಹೇಳುವರು, ಕೂತವರು ಹೌದೆನ್ನುವರು, ಅಲ್ಲಿಗೆ ಮುಗಿಯಿತು. ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು.

ಕೆನ್ ಮೊದಲೇ ಬಂದು ಮಾಮಾಗೆ ಕುರ್ಚಿ ಹಾಕಿದ್ದ. ಕೊನೆಯದಾಗಿ ಒಮ್ಮೆ ನೀನು ಬಿಡು, ಆಮೇಲೆ ನಾನು ತಗೊಳ್ಳುತ್ತೇನೆ ಎಂದ. ಕೋಲಿಗೆ ರೀಲು ಕಟ್ಟಿದ, ನಾನು ತಂದ ಕೆಂಪು ತಲೆಯ ಬೆಂಡು ಹಾಕಿದ, ಮಾಮಾನ ಚಪಾತಿ ಹಿಟ್ಟನ್ನು ತಾನೇ ಗಾಳಕ್ಕೆ ಸಿಕ್ಕಿಸಿದ. ಅವನೇ ಬೆಂಡನ್ನು ನೀರಿಗೆ ಎಸೆದು ಕೋಲನ್ನು ಮಾಮಾನ ಕೈಗೆ ಕೊಟ್ಟ.

ಬೆಂಡು ಒಂದು ಮಾರು ಹೋಗಿ ನಿಂತಿತು. ಹೊಳೆ ಎಳೆಯುತ್ತಿದೆ, ದಾರ ಬಿಗಿಯಾಗಿದೆ, ಗಾಲಿ ಮಿಸುಕುವುದಿಲ್ಲ. ಬೆಂಡು ಸುಮ್ಮನೆ ದಂಡೆಯ ಕಡೆಗೆ ವಾಲಿ ಬಂತು. ಕೆನ್ ಬಗ್ಗಿ ಬೆರಳಿನಿಂದ ಗಾಲಿಯನ್ನು ತಟ್ಟಿದ. ಅಲ್ಲಾಡಲಿಲ್ಲ. ಒತ್ತಿ ತಿರುಗಿಸಿದ. ಗಟ್ಟಿ ಹಿಟ್ಟಿನಲ್ಲಿ ಸಿಕ್ಕಿಕೊಂಡ ಹಾಗೆ ಅರ್ಧ ಸುತ್ತು ತಿರುಗಿ ನಿಂತಿತು.

ಅವನ ಮುಖ ನೋಡಲಾಗಲಿಲ್ಲ. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿದ. ತನ್ನ ಬೇರಿಂಗ್ ಕೆಟ್ಟಿತೆಂದು ಮಾಮಾಗೆ “ಸಾರಿ, ಸಾರಿ” ಎನ್ನತೊಡಗಿದ. ಈ ದೇಶದವರು ನಾವು ಅವರ ಕಾಲು ತುಳಿದರೂ ತಾವೇ ಸಾರಿ ಹೇಳುತ್ತಾರೆ, ಆದರೆ ಇದು ಆ ಸಾರಿ ಅಲ್ಲ. ನನಗೆ ಅಷ್ಟರಲ್ಲಿ ಎಲ್ಲ ತಿಳಿದುಹೋಗಿತ್ತು. ಗರಗದಲ್ಲೂ ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿರುತ್ತದೆ, ಬಿಸಿಲಿಗಿಟ್ಟು ಹಚ್ಚಿಕೊಳ್ಳುತ್ತೇವೆ. ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ.

“ನೋ, ನೋ,” ಎಂದೆ. “ಆಯಿಲ್. ಮೈ ಆಯಿಲ್. ಹೇರ್ ಆಯಿಲ್.” ತಿಳಿಯದೇ ಹೋದೀತೆಂದು ನನ್ನ ಜಡೆಯನ್ನೂ ಹಿಡಿದು ತೋರಿಸಿದೆ.

ಕೆನ್ ಬೆರಳನ್ನು ಮೂಸಿದ. ಮತ್ತೆ ಮೂಸಿದ. ಮಾಮಾ ನನ್ನನ್ನು ನೋಡಿದರು. ನಾನು ಕೋಲಿನಿಂದ ರೀಲು ಬಿಚ್ಚಿಸಿಕೊಂಡು, ಕೋಟಿನ ಗುಂಡಿ ತೆಗೆದು, ಬಗಲಲ್ಲಿ ಇಟ್ಟುಕೊಂಡೆ. ಬಿಸಿಲಿಲ್ಲದ ದಿನ ಬಾಟಲಿಯನ್ನು ಹೀಗೇ ಕರಗಿಸುವುದು. ಕೆನ್ ಮರ್ಯಾದೆಯಿಂದ ಆಚೆ ತಿರುಗಿ ಹೊಳೆಯನ್ನು ನೋಡುತ್ತ ನಿಂತ.

ಸ್ವಲ್ಪ ಹೊತ್ತಿಗೆ ಗಾಲಿ ಕದಲಿತು. ಮುಂಚಿನ ಹಾಗೆ ಅಲ್ಲ. ಉಂಡ ಎಮ್ಮೆಯ ಹಾಗೆ, ಎಳೆದಷ್ಟೇ ತಿರುಗುವುದು. ಬಂದದ್ದಕ್ಕೆ ಒಮ್ಮೆಯಾದರೂ ಬಿಡೋಣವೆಂದು ಮಾಮಾ ಕೋಲು ತೆಗೆದುಕೊಂಡರು. ಬೆಂಡು ನೀರಿಗಿಳಿಯಿತು. ಹೊಳೆ ಎಳೆಯಿತು. ಗಾಲಿ ತಿರುಗಿತು, ನಿಧಾನವಾಗಿ, ಹೊಳೆ ಕೇಳಿದಷ್ಟೇ ದಾರ ಕೊಡುತ್ತ. ಬೆಂಡು ತುಸು ತಡೆದು ತಡೆದೇ ಹೋಗುತ್ತಿತ್ತು, ಆದರೆ ಹೋಗುತ್ತಿತ್ತು. ಮಾಮಾನ ಹೆಬ್ಬೆರಳು ಅಂಚಿನ ಮೇಲೆ ನಡುಗುತ್ತ ಇಳಿಯಿತು. ತಡವಾಗಿಯೇ ಇಳಿಯಿತು. ಗಾಲಿ ಅಷ್ಟರಲ್ಲಿ ಎಲ್ಲಿಗೂ ಓಡಿರಲಿಲ್ಲ.

“ನಿಂತತಿ!” ಎಂದು ಮಾಮಾ ಕನ್ನಡದಲ್ಲೇ ಕೂಗಿದರು. ದಂಡೆಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. “ಶಕ್ಕು, ನಾ ಅಂದಲ್ಲೇ ನಿಂತತಿ ನೋಡವಾ! ಇನ್ನೊಮ್ಮೆ ಬಿಡ್ತೇನಿ ತಾಳು.”

ಇನ್ನೊಮ್ಮೆ ಬಿಟ್ಟರು. ಮತ್ತೊಮ್ಮೆ ಬಿಟ್ಟರು. ನಾನು ಹಣೆ ಚಚ್ಚಿಕೊಂಡೆ. ನೂಲಲು ಹೊಸದಾಗಿ ಬಂದವರಿಗೆ, ಕೈ ನಡುಗುವ ಮುದುಕಿಯರಿಗೆ ನಾನೇ ಆರಿಸಿ ಕೊಡುವುದು ಬಿಗಿ ಚರಕ. ಹಗುರಾದ್ದನ್ನು ಕೊಟ್ಟರೆ ಅವರ ಕೈಗಿಂತ ಮುಂದೆ ಓಡಿ ನೂಲು ಹರಿಯುತ್ತದೆ. ದಿನಾ ಮಾಡುವ ಕೆಲಸ, ಇಲ್ಲಿ ಬಂದು ಆ ಗಾಲಿಯ ಚೆಂದಕ್ಕೆ ಮರುಳಾಗಿ ಒಮ್ಮೆಯೂ ನೆನಪಾಗಿರಲಿಲ್ಲ.

ಆದರೆ ಕೆನ್‌ಗೆ ಇದೊಂದೂ ಗೊತ್ತಿಲ್ಲವಲ್ಲ. ಅವನು ಮಾಮಾನ ಹೆಗಲು ತಟ್ಟಿ, ಕೊಡು, ಮನೆಗೆ ಒಯ್ದು ತೊಳೆದು ಮುಂಚಿನ ಹಾಗೆ ಮಾಡುತ್ತೇನೆ ಎಂದು ಕೈ ಚಾಚಿದ. ಮಾಮಾ ಕೊಡಲಿಲ್ಲ. ಕೋಲನ್ನು ಎದೆಗೆ ಒತ್ತಿಕೊಂಡರು.

ನಾನು ಬಾಯಿ ಬಿಡುವ ಹಾಗಿರಲಿಲ್ಲ. ಮಾಮಾನನ್ನೇ ನೋಡಿದೆ. ಹೇಳ್ರಿ, ಈಗಾದರೂ ಹೇಳ್ರಿ.

ಮಾಮಾ ಹೇಳಿದರು. ನಿಧಾನವಾಗಿ ಹೇಳಿದ್ದರಿಂದ ಅವರ ಇಂಗ್ಲಿಷು ನನಗೆ ಪೂರ್ತಿ ತಿಳಿಯಿತು. ನೀನು ಮಾಡಿದ್ದು ಬಹಳ ಚೆಂದ, ಕೆನ್, ನನ್ನ ಕೈಗೆ ಅದು ಅತಿಯಾಯಿತು, ಹಿಡಿಯಲಾಗಲಿಲ್ಲ, ಅದಕ್ಕೇ ಹೊಳೆ ಬಿಟ್ಟೆ ಎಂದರು. ಯಾವಾಗಿನಿಂದ, ಎಂದು ಕೇಳಿದ ಕೆನ್. ಮೊದಲ ದಿನದಿಂದ, ಎಂದರು ಮಾಮಾ.

ಕೆನ್ ನೀರಿನ ಅಂಚಿಗೆ ಇಳಿದು ಹೋಗಿ ನಮಗೆ ಬೆನ್ನು ಹಾಕಿ ನಿಂತ. ಹಂಸವೊಂದು ಅವನ ಹತ್ತಿರ ಬಂದು ತಿನ್ನಲು ಏನೂ ಸಿಗದೆ ಹೋಯಿತು. ನನಗೆ ಭಯವಾಯಿತು. ತಿಂಗಳುಗಟ್ಟಲೆ ಮಾಡಿದ ಕೆಲಸ ಬೇಡವೆಂದರೆ ಯಾರಿಗೆ ನೋವಾಗುವುದಿಲ್ಲ? ರೀಲು ಉಳಿಸಲು ಹೋಗಿ ಗೆಳೆತನ ಕಳೆದೆವೇನೋ ಎಂದು ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದೆ.

ಕೆನ್ ಮೇಲೆ ಬಂದ. ಫ್ಲಾಸ್ಕಿನಿಂದ ಚಹ ಬಗ್ಗಿಸಿ ಮೊದಲು ಮಾಮಾಗೆ ಕೊಟ್ಟ.

“ಇನ್ನೇನು ಹೇಳದೆ ಇಟ್ಟುಕೊಂಡಿದ್ದೀ?” ಎಂದು ಕೇಳಿದ.

ಮಾಮಾ ಚಹ ಗುಟುಕರಿಸಿ ಸ್ವಲ್ಪ ಯೋಚಿಸಿದರು. “ಹಿಡಿಕೆಗಳೂ ದಪ್ಪ ಆದವು.”

ಕೆನ್ ನಗತೊಡಗಿದ. ಅಷ್ಟು ದೊಡ್ಡ ಆಳು ಮಂಡಿ ಹಿಡಿದು ಬಗ್ಗಿ ನಕ್ಕ. ಮಾಮಾ ನಕ್ಕು ಚಹ ಚೆಲ್ಲಿಕೊಂಡರು. ನನಗೆ ಅಳು ಬಂತು. ಚಳಿಗೆ ಮೂಗು ಸೋರುತ್ತಿದೆಯೆಂದು ನೆವ ಹೇಳಿ ಒರೆಸಿಕೊಂಡೆ.

ಆಮೇಲೆ ಮೀನೂ ಸಿಕ್ಕಿತು. ಚಬ್ ಎಂಬ ದೊಡ್ಡ ಬಾಯಿಯ ಮೀನು, ಚಪಾತಿ ಹಿಟ್ಟಿಗೇ ಬಂದದ್ದು. ಕೆನ್ ಬಲೆಯಲ್ಲಿ ಎತ್ತಿದ. ಮಾಮಾ ಅದನ್ನು ಎರಡೂ ಕೈಯಲ್ಲಿ ನೀರಿನೊಳಗೆ ಹಿಡಿದುಕೊಂಡು, “ಹೋಗಪಾ, ಹೋಗು,” ಎಂದು ಬಿಟ್ಟರು. ಬಿಡುವುದಿದ್ದರೆ ಹಿಡಿಯುವುದು ಯಾಕೆ ಎಂದು ನಾನು ಮತ್ತೆ ಕೇಳಲಿಲ್ಲ. ಮಾಮಾನ ಮುಖ ಹಾಗಿತ್ತು.

ಹೊರಡುವ ಹೊತ್ತಿಗೆ ಮಾಮಾ ರೀಲು ಬಿಚ್ಚಿ ಕೆನ್‌ನ ಮುಂದೆ ಹಿಡಿದರು. ಕೊಡುತ್ತೇನೆಂದು ಹೇಳಿದ ಮೇಲೆ ಕೊಡಲೇಬೇಕಲ್ಲ, ಮಾತಿಗೆ ತಪ್ಪುವವರಲ್ಲ. ಕೆನ್ ತೆಗೆದುಕೊಂಡ. ಬೆರಳಿನಿಂದ ತಟ್ಟಿದ. ಚಳಿಗೆ ಮತ್ತೆ ಬಿಗಿಯಾಗಿದ್ದ ಗಾಲಿ ಒಂದು ಸುತ್ತು ತಿರುಗಿ ನಿಂತಿತು. ಅವನು ತಲೆಯಲ್ಲಾಡಿಸಿ ಅದನ್ನು ಮಾಮಾನ ಜೇಬಿಗೇ ಹಾಕಿದ.

“ಇದರಿಂದ ನನಗೆ ಏನು ಉಪಯೋಗ? ತೀರ ನಿಧಾನ. ನೀನೇ ಇಟ್ಟುಕೋ.”

ಮತ್ತೆ ಗರಗ

ಅಲ್ಲಿರುವವರೆಗೂ ಆಮೇಲೆ ನನ್ನ ತಲೆಗೆ ಎಣ್ಣೆ ಸಿಗಲಿಲ್ಲ. ಬಾಟಲಿ ಕೆನ್‌ನ ಶೆಡ್ಡು ಸೇರಿತ್ತು. ಅವನು ಅದರಲ್ಲಿ ತನ್ನ ತೆಳ್ಳನೆಯ ಎಣ್ಣೆ ಬೆರೆಸಿ, ಇಂದಿನ ಚಳಿಗೆ ಇಷ್ಟು, ನಾಳಿನ ಬಿಸಿಲಿಗೆ ಇಷ್ಟು ಎಂದು ಹೂರಣದ ಹದ ನೋಡುವ ಹೆಂಗಸಿನ ಹಾಗೆ ಕೂತುಬಿಟ್ಟಿದ್ದ. ಹಿಡಿಕೆಗಳನ್ನೂ ಮತ್ತೆ ಸಣ್ಣ ಮಾಡಿಕೊಟ್ಟ. ಒಣಗಿದ ಕೂದಲಿನಲ್ಲೇ ವಿಮಾನ ಹತ್ತಿ ಮನೆ ಸೇರಿದೆ.

ಮೊನ್ನೆ ಅಕ್ಕ ಫೋನು ಮಾಡಿದಳು. ಹಲೋ ಎನ್ನುವ ಮೊದಲೇ ಶುರು.

“ಎಲ್ಲಾ ನಿನ್ನಿಂದ ನೋಡು. ಮುಂಜಾನಿ ಎದ್ದು ಪೂಜಿ ಮುಗೀತಂದ್ರ ಆ ರೀಲು ಬಗಲಾಗ ಇಟಗೊಂಡು ಹೊಂಟ ಬಿಡ್ತಾರ. ಸ್ವೆಟರೆಲ್ಲಾ ಕೊಬ್ರಿ ಎಣ್ಣಿ ವಾಸನಿ. ಬಿಸಿ ರೊಟ್ಟಿ ಮಾಡಿ ಕರದ್ರ ಓ ಅನ್ನಾಕ ಮನ್ಯಾಗ ಒಬ್ರೂ ಇಲ್ಲ.”

“ಬೈಯಾಕ ಫೋನ ಮಾಡೀಯೇನ?”

“ಹೂಂ, ಬೈಯಾಕ,” ಎಂದಳು. ನಗು ತಡೆಯಲು ಅವಳಿಗೆ ಆಗುತ್ತಿರಲಿಲ್ಲ. “ಎಣ್ಣಿ ತೀರೇತಿ. ಇನ್ನೊಂದು ಬಾಟ್ಲಿ ಕಳಸು.”

“ಯಾಕ, ಅಲ್ಲಿ ಕೊಬ್ರಿ ಎಣ್ಣಿ ಸಿಗೂದಿಲ್ಲೇನ?”

“ಬೇಕಾದಷ್ಟು ಸಿಗತೈತಿ. ಕೆನ್ ಒಲ್ಲೆ ಅಂತಾನ. ಶಕ್ಕುನ ತಲೀ ಎಣ್ಣೀನ ಆಗಬೇಕಂತ.”